ಕ್ರೀಡಾ ಛಾಯಾಗ್ರಹಣದ ವೃತ್ತಿ ಆರಂಭಿಸಲು ಸಲಕರಣೆ ಆರಿಸುವುದು ಹೇಗೆ? ಹಾಸನ, ಚಿಕ್ಕಮಗಳೂರಿನ ಹೊಸಬರಿಗೆ ಮಾರ್ಗದರ್ಶಿ

"ಕೈಯಲ್ಲಿ ಇಷ್ಟು ಹಣವಿದೆ, ಕ್ರೀಡಾ ಛಾಯಾಗ್ರಹಣ ಆರಂಭಿಸಬೇಕೆಂದಿದ್ದೇನೆ, ಯಾವ ಕ್ಯಾಮೆರಾ ಕೊಳ್ಳಲಿ?" ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು, ಅದರಲ್ಲೂ ಈಗಾಗಲೇ ಮದುವೆ, ನಾಮಕರಣಗಳ ಫೋಟೊ ತೆಗೆಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ವಿಷಯವನ್ನು ಒಂದೇ ಕಡೆ ಕ್ರಮವಾಗಿ ಬರೆದಿಡುವುದು ಮೇಲೆನಿಸಿತು. ಆಯ್ಕೆಯನ್ನು ಕ್ಯಾಮೆರಾದಿಂದ ಆರಂಭಿಸಬೇಡಿ, ನೀವು ಕೆಲಸ ಮಾಡಲಿರುವ ಮೈದಾನದಿಂದ ಆರಂಭಿಸಿ ಎಂಬುದು ನನ್ನ ಮೊದಲ ಸಲಹೆ. ಆಟಗಾರ ನಿಮ್ಮಿಂದ ಎಷ್ಟು ದೂರದಲ್ಲಿರುತ್ತಾನೆ, ಅಲ್ಲಿ ಬೆಳಕು ಎಷ್ಟಿರುತ್ತದೆ ಎಂಬ ಎರಡು ಸಂಗತಿಗಳು ತಿಳಿದರೆ ಯಾವ ಲೆನ್ಸ್ ಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಲೆನ್ಸಿಗೆ ಕೊಟ್ಟು ಉಳಿದ ಹಣದಲ್ಲಿ ಕ್ಯಾಮೆರಾ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಆರಿಸಿಕೊಳ್ಳಬೇಕು. ಬಹಳಷ್ಟು ಮಂದಿ ಇದನ್ನು ತಿರುವುಮುರುವಾಗಿ ಮಾಡಿ, ದುಬಾರಿ ಕ್ಯಾಮೆರಾಗೆ ಅದರ ಜೊತೆ ಬಂದ ಸಾಧಾರಣ ಲೆನ್ಸನ್ನೇ ಹಾಕಿಕೊಂಡು, ರಾತ್ರಿಯ ಪಂದ್ಯದಲ್ಲಿ ಕೈಚೆಲ್ಲುತ್ತಾರೆ.

ಮುಂದೆ ಪದೇ ಪದೇ ಬರುವ ಕೆಲವು ಪದಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತೇನೆ. ಶಟರ್ ವೇಗವೆಂದರೆ ಸೆನ್ಸರಿನ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ, ಮೇಲೆ ಬೆಳಕು ಬೀಳುವ ಅವಧಿ. ಓಡುವವರು ಅಲುಗಾಡಿದಂತೆ ಕಾಣದಿರಲು ಅದು ಸೆಕೆಂಡಿನ 500ನೇ ಒಂದು ಭಾಗದಿಂದ 2000ನೇ ಒಂದು ಭಾಗದವರೆಗೆ ಚಿಕ್ಕದಾಗಿರಬೇಕಾಗುತ್ತದೆ. ಅಪರ್ಚರ್ ಅಥವಾ ದ್ಯುತಿರಂಧ್ರವೆಂದರೆ ಲೆನ್ಸಿನೊಳಗೆ ಬೆಳಕು ಹಾದುಬರುವ ಕಿಂಡಿ; ಎಫ್/1.8, ಎಫ್/2.8, ಎಫ್/5.6 ಎಂದು ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಐಎಸ್‌ಒ ಎಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಪಟ್ಟು ಹೆಚ್ಚಿಸಿಕೊಳ್ಳುತ್ತದೆ ಎಂಬುದರ ಸೂಚಕ. ಅದು ಏರಿದಂತೆಲ್ಲ ಚಿತ್ರದಲ್ಲಿ ಕಾಳುಕಾಳಾದ ಗೊಂದಲ, ಅಂದರೆ ನಾಯ್ಸ್, ಹೆಚ್ಚುತ್ತದೆ. ಫೋಕಲ್ ಲೆಂತ್ ಅಥವಾ ನಾಭಿದೂರವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರವಿದ್ದರೆ, ಕ್ರಾಪ್ ಸೆನ್ಸರ್ ಎಂದು ಕರೆಯುವ ಚಿಕ್ಕದು ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರವಿರುತ್ತದೆ (ಕ್ಯಾನನ್‌ನಲ್ಲಿ ಇದಕ್ಕಿಂತಲೂ ತುಸು ಚಿಕ್ಕದು).

1. ಯಾವ ಆಟ, ಯಾರಿಗಾಗಿ ಎಂಬುದನ್ನು ಬರೆದಿಟ್ಟುಕೊಳ್ಳಿ

ನಮ್ಮ ಎರಡು ಜಿಲ್ಲೆಗಳಲ್ಲಿ ಕ್ರೀಡಾ ಛಾಯಾಗ್ರಾಹಕನಿಗೆ ಸಿಗುವ ಕೆಲಸ ಬೆಂಗಳೂರಿನಂತಲ್ಲ. ಇಲ್ಲಿ ವರ್ಷದುದ್ದಕ್ಕೂ ಸಿಗುವುದು ಶಾಲಾ ಕಾಲೇಜುಗಳ ಕ್ರೀಡಾಕೂಟ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ದಸರಾ ಕ್ರೀಡಾಕೂಟ, ಯುವಕ ಸಂಘಗಳ ಹೊನಲು ಬೆಳಕಿನ ಕಬಡ್ಡಿ ಮತ್ತು ವಾಲಿಬಾಲ್ ಪಂದ್ಯಾವಳಿ, ಟೆನಿಸ್ ಬಾಲ್ ಕ್ರಿಕೆಟ್. ಬಯಲುಸೀಮೆಯ ಕಡೆ ಎತ್ತಿನಗಾಡಿ ಓಟ, ಮಲೆನಾಡಿನ ಕಡೆ ಕೆಸರುಗದ್ದೆ ಆಟ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣುರಸ್ತೆಗಳಲ್ಲಿ ಕಾರ್ ರ‍್ಯಾಲಿಯೂ ನಡೆಯುತ್ತದೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಅಲ್ಲಿ ನಡೆದಿದೆ. ಆದರೆ ರ‍್ಯಾಲಿಯನ್ನೇ ನೆಚ್ಚಿಕೊಂಡು ಯಾರೂ ಸಲಕರಣೆ ಕೊಳ್ಳಬಾರದು, ಅದು ವರ್ಷಕ್ಕೊಮ್ಮೆ ಬರುವ ಕೆಲಸ.

ಹಣ ಕೊಡುವವರು ಯಾರು ಎಂಬುದನ್ನೂ ಯೋಚಿಸಿ. ಶಾಲೆಗೆ ಸ್ಮರಣಸಂಚಿಕೆಗೆ ಚಿತ್ರ ಬೇಕು, ಪೋಷಕರಿಗೆ ಮಗು ಓಟದ ಗೆರೆ ದಾಟಿದ ಚಿತ್ರ ಬೇಕು, ತಂಡಕ್ಕೆ ಟ್ರೋಫಿ ಹಿಡಿದ ಗುಂಪುಚಿತ್ರ ಬೇಕು, ಆಯೋಜಕರಿಗೆ ಮುಂದಿನ ವರ್ಷದ ಫ್ಲೆಕ್ಸಿಗೆ ಚಿತ್ರ ಬೇಕು, ಪತ್ರಿಕೆಗೆ ಸಂಜೆಯೊಳಗೆ ಬೇಕು. ಇವುಗಳಲ್ಲಿ ಯಾವುದಕ್ಕೂ 45 ಅಥವಾ 60 ಮೆಗಾಪಿಕ್ಸೆಲ್ ಅಗತ್ಯವಿಲ್ಲ. ಫ್ಲೆಕ್ಸನ್ನು ಜನ ದೂರದಿಂದ ನೋಡುವುದರಿಂದ 20ರಿಂದ 24 ಮೆಗಾಪಿಕ್ಸೆಲ್‌ನ ಚಿತ್ರ ಅದಕ್ಕೂ ಸಾಕು. ಮೆಗಾಪಿಕ್ಸೆಲ್ ಹೆಚ್ಚಿದರೆ ಕಡತದ ಗಾತ್ರ ಬೆಳೆಯುತ್ತದೆ, ಕಾರ್ಡು ಬೇಗ ತುಂಬುತ್ತದೆ, ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ಆ ಹಣವನ್ನು ಲೆನ್ಸಿಗೆ ಉಳಿಸಿಕೊಳ್ಳಿ.

2. ದೂರವನ್ನು ಅಳೆಯಿರಿ

ಇದಕ್ಕೊಂದು ಸರಳ ಲೆಕ್ಕವಿದೆ. ಸೆನ್ಸರಿನ ಎತ್ತರವನ್ನು ಆಟಗಾರನಿರುವ ದೂರದಿಂದ ಗುಣಿಸಿ ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ, ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದಾಗ ಚೌಕಟ್ಟಿನಲ್ಲಿ ಎಷ್ಟು ಮೀಟರ್ ಎತ್ತರದ ದೃಶ್ಯ ಕಾಣುತ್ತದೆಂಬುದು ತಿಳಿಯುತ್ತದೆ. ಫುಲ್ ಫ್ರೇಮ್ ಕ್ಯಾಮೆರಾಗೆ 200 ಮಿ.ಮೀ. ಲೆನ್ಸ್ ಹಾಕಿ 20 ಮೀಟರ್ ದೂರದ ಓಟಗಾರ್ತಿಯನ್ನು ನೋಡಿದರೆ 24 ಗುಣಿಸು 20 ಭಾಗಿಸು 200, ಅಂದರೆ 2.4 ಮೀಟರ್. ಕೈ ಮೇಲೆತ್ತಿದರೂ ಆಕೆ ಚೌಕಟ್ಟಿನೊಳಗೇ ಇರುತ್ತಾಳೆ, ಸುತ್ತ ವ್ಯರ್ಥವಾದ ಜಾಗವೂ ಇರುವುದಿಲ್ಲ. ಅದೇ ಲೆನ್ಸನ್ನು ಕ್ರಾಪ್ ಕ್ಯಾಮೆರಾಗೆ ಹಾಕಿದರೆ 1.56 ಮೀಟರ್ ಮಾತ್ರ ಕಾಣುತ್ತದೆ. ಆಗ ಪಾದವೋ ತಲೆಯೋ ತುಂಡಾಗುವುದರಿಂದ ನೀವು ಹಿಂದೆ ಸರಿಯಬೇಕು ಇಲ್ಲವೇ ಜೂಮ್ ಕಡಿಮೆ ಮಾಡಬೇಕು.

ಕ್ರಾಪ್ ಸೆನ್ಸರಿನ ಈ ಗುಣ ಕ್ರಿಕೆಟಿನಲ್ಲಿ ನಿಮ್ಮ ನೆರವಿಗೆ ಬರುತ್ತದೆ. ಬೌಂಡರಿ ಗೆರೆಯಿಂದ ಬ್ಯಾಟರ್ 60 ಮೀಟರ್ ದೂರದಲ್ಲಿದ್ದರೆ, ಕ್ರಾಪ್ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸಿಗೆ ಸುಮಾರು 2.3 ಮೀಟರ್ ಎತ್ತರದ ದೃಶ್ಯ ಸಿಗುತ್ತದೆ. ಅಷ್ಟೇ ದೊಡ್ಡದಾಗಿ ಕಾಣಲು ಫುಲ್ ಫ್ರೇಮ್‌ನಲ್ಲಿ 600 ಮಿ.ಮೀ. ಬೇಕು. ಹೀಗಾಗಿ ಹೊಸದಾಗಿ ಆರಂಭಿಸುವವರಿಗೆ, ಮುಖ್ಯವಾಗಿ ಹಗಲಿನ ಕ್ರಿಕೆಟ್ ಮತ್ತು ಅಥ್ಲೆಟಿಕ್ಸ್ ತೆಗೆಯುವವರಿಗೆ, ನಾನು ಕ್ರಾಪ್ ಕ್ಯಾಮೆರಾವನ್ನೇ ಸೂಚಿಸುತ್ತೇನೆ.

ಕಬಡ್ಡಿಯ ಲೆಕ್ಕವೇ ಬೇರೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂಚಿನಲ್ಲಿ ಕುಳಿತರೆ ಹಿಡಿತ, ಜಿಗಿತ ಎಲ್ಲವೂ 4ರಿಂದ 10 ಮೀಟರ್ ಒಳಗೇ ನಡೆಯುತ್ತವೆ. ಕ್ರಾಪ್ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸಿಗೆ 10 ಮೀಟರ್ ದೂರದಲ್ಲಿ 1.8 ಮೀಟರ್ ಎತ್ತರ ಸಿಗುತ್ತದೆ. 5 ಮೀಟರಿಗೆ ಅದು ತೀರಾ ಬಿಗಿಯಾಗುವುದರಿಂದ ಅಲ್ಲಿಗೆ 50 ಮಿ.ಮೀ. ಬೇಕು. ವಾಲಿಬಾಲ್‌ನಲ್ಲಿ ಪುರುಷರ ಬಲೆಯ ಎತ್ತರ 2.43 ಮೀಟರ್, ಮಹಿಳೆಯರದು 2.24 ಮೀಟರ್, ಬಲೆಯ ಮೇಲಿನ ಸ್ಮ್ಯಾಶ್ ತೆಗೆಯಬೇಕಾದರೆ ಚೌಕಟ್ಟಿನಲ್ಲಿ 3 ಮೀಟರಾದರೂ ಎತ್ತರ ಬೇಕು. 10 ಮೀಟರ್ ದೂರದಿಂದ 50 ಮಿ.ಮೀ. ಲೆನ್ಸ್ ಅಷ್ಟನ್ನು ಕೊಡುತ್ತದೆ.

ನಿಮ್ಮೂರಿನ ಮೈದಾನಕ್ಕೆ ಹೋಗಿ, ನಿಮ್ಮನ್ನು ನಿಲ್ಲಲು ಬಿಡುವ ಜಾಗ ಯಾವುದೆಂದು ಕೇಳಿ, ಅಲ್ಲಿಂದ ಆಟ ನಡೆಯುವ ಜಾಗಕ್ಕೆ ಹೆಜ್ಜೆ ಹಾಕಿ ಅಳೆಯಿರಿ. ಅಂಗಡಿಯವರ ಮಾತಿಗಿಂತ ಈ ಅಳತೆ ಹೆಚ್ಚು ನಂಬಿಕೆಗೆ ಅರ್ಹ.

3. ಬೆಳಕನ್ನು ಅಳೆಯಿರಿ

ಹಗಲಿನ ಬಿಸಿಲಿನಲ್ಲಿ ಯಾವ ಲೆನ್ಸಾದರೂ ಕೆಲಸ ಮಾಡುತ್ತದೆ. ಎಫ್/5.6 ಲೆನ್ಸ್, ಐಎಸ್‌ಒ 200 ಇಟ್ಟರೂ ಸೆಕೆಂಡಿನ 1600ನೇ ಒಂದು ಭಾಗದ ಶಟರ್ ವೇಗ ಸಿಗುತ್ತದೆ. ತೊಂದರೆ ಇರುವುದು ಎರಡು ಕಡೆ: ಮಳೆಗಾಲದ ಮೋಡದಲ್ಲಿ ಮತ್ತು ಹೊನಲು ಬೆಳಕಿನಲ್ಲಿ. ಮೋಡ ಕವಿದ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಮಧ್ಯಾಹ್ನವೇ ಅದೇ ಎಫ್/5.6 ಲೆನ್ಸಿಗೆ ಐಎಸ್‌ಒ 1600 ಮೀರಬೇಕಾಗಬಹುದು. ಹೊನಲು ಬೆಳಕಿನಲ್ಲಿ ಎಷ್ಟಾಗುತ್ತದೆಂಬುದನ್ನು ಊಹಿಸಬೇಡಿ, ನಿಮ್ಮ ಕೈಯಲ್ಲಿರುವ ಮೊಬೈಲಿನಿಂದಲೇ ಅಳೆದು ನೋಡಿ.

ಯಾವುದಾದರೂ ರಾತ್ರಿ ಪಂದ್ಯಾವಳಿಗೆ ಪ್ರೇಕ್ಷಕರಾಗಿ ಹೋಗಿ. ಮೊಬೈಲ್ ಕ್ಯಾಮೆರಾದಲ್ಲಿ ಪ್ರೊ ಮೋಡ್, ಅಂದರೆ ಶಟರ್ ವೇಗ, ಐಎಸ್‌ಒಗಳನ್ನು ನೀವೇ ಹೊಂದಿಸುವ ವಿಧಾನ, ತೆರೆಯಿರಿ. ಅದಿಲ್ಲದ ಮೊಬೈಲಿಗೆ ಅಂಥ ಸೌಲಭ್ಯ ಕೊಡುವ ಆ್ಯಪ್‌ಗಳಿವೆ. ಮುಖ್ಯ ಲೆನ್ಸಿನ ಅಪರ್ಚರ್ ಎಷ್ಟೆಂದು ಮೊಬೈಲಿನ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ. ಹಲವು ಮೊಬೈಲ್‌ಗಳಲ್ಲಿ ಅದು ಎಫ್/1.8ರ ಆಸುಪಾಸಿನಲ್ಲಿರುತ್ತದೆ. ಶಟರ್ ವೇಗವನ್ನು ಸೆಕೆಂಡಿನ 500ನೇ ಒಂದು ಭಾಗಕ್ಕೆ ಇಟ್ಟು, ಆಟಗಾರರ ಮುಖ ಸರಿಯಾಗಿ ಬೆಳಗುವವರೆಗೆ ಐಎಸ್‌ಒ ಏರಿಸುತ್ತಾ ಹೋಗಿ. ಅಂಕಣದ ನಡುವೆ ಒಂದು ಸಲ, ಕಂಬದಿಂದ ದೂರವಿರುವ ಅತಿ ಕತ್ತಲಿನ ಮೂಲೆಯಲ್ಲಿ ಇನ್ನೊಂದು ಸಲ ನೋಡಿ. ಎರಡರಲ್ಲಿ ಹೆಚ್ಚು ಬಂದ ಸಂಖ್ಯೆಯೇ ನಿಮ್ಮ ಲೆಕ್ಕಕ್ಕೆ.

ಆ ಸಂಖ್ಯೆ 1600 ಎಂದಿಟ್ಟುಕೊಳ್ಳೋಣ. ಎಫ್/1.8ರ ಲೆನ್ಸ್ ಕೊಂಡರೆ ನಿಮ್ಮ ಕ್ಯಾಮೆರಾಗೂ ಐಎಸ್‌ಒ ಸುಮಾರು 1600 ಸಾಕು. ಎಫ್/2.8ರ ಲೆನ್ಸ್ ಆದರೆ ಸುಮಾರು 4000 ಬೇಕು. ಎಫ್/5.6 ಆದರೆ 16000ದ ಹತ್ತಿರ ಹೋಗಬೇಕು. ಇದು 500ನೇ ಒಂದು ಭಾಗದ ಲೆಕ್ಕ. ಸ್ಮ್ಯಾಶ್ ಹೊಡೆಯುವ ಕೈ ನಿಚ್ಚಳವಾಗಿ ನಿಲ್ಲಬೇಕಾದರೆ 1000ನೇ ಒಂದು ಭಾಗ ಬೇಕಾಗುವುದರಿಂದ ಮೂರು ಸಂಖ್ಯೆಗಳೂ ಇಮ್ಮಡಿಯಾಗುತ್ತವೆ. ಹಗಲಿನಲ್ಲಿ ಚೆನ್ನಾಗಿದ್ದ ಎಫ್/5.6 ಜೂಮ್ ಲೆನ್ಸ್ ರಾತ್ರಿ ಏಕೆ ಕೈಕೊಡುತ್ತದೆಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ಐಎಸ್‌ಒ 32000ದಲ್ಲಿ ತೆಗೆದ ಚಿತ್ರವನ್ನು ಯಾವ ಆಯೋಜಕರೂ ಸಂತೋಷದಿಂದ ಕೊಳ್ಳುವುದಿಲ್ಲ. ಮದುವೆಯಲ್ಲಿ ಮಾಡಿದಂತೆ ಫ್ಲ್ಯಾಶ್ ಹಾಕೋಣವೆಂದರೆ, ರೈಡ್ ಮಾಡುವವನ, ಸರ್ವ್ ಎದುರಿಸುವವನ ಕಣ್ಣಿಗೆ ಅದು ಹೊಡೆಯುತ್ತದೆ. ನಿರ್ಣಾಯಕರು ನಿಮ್ಮನ್ನು ಅಂಕಣದಿಂದ ಹೊರಗೆ ಕಳುಹಿಸಿದರೆ ಅದು ನ್ಯಾಯವೇ. ಫ್ಲ್ಯಾಶ್ ಇದ್ದರೆ ಬಹುಮಾನ ವಿತರಣೆಗೆ ಇಟ್ಟುಕೊಳ್ಳಿ.

ಬೆಳಕಿನಲ್ಲಿ ಇನ್ನೊಂದು ಸಮಸ್ಯೆ ಅಡಗಿದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಹಳೆಯ ಮೆಟಲ್ ಹ್ಯಾಲೈಡ್ ದೀಪಗಳೂ ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಮಿನುಗುತ್ತಿರುತ್ತವೆ. ಕಣ್ಣಿಗೆ ಇದು ಕಾಣುವುದಿಲ್ಲ, ಆದರೆ 1000ನೇ ಒಂದು ಭಾಗದಷ್ಟು ಚಿಕ್ಕ ಅವಧಿಯಲ್ಲಿ ತೆಗೆದ ಹತ್ತು ಚಿತ್ರಗಳಲ್ಲಿ ಕೆಲವು ಬೆಳ್ಳಗೆ, ಕೆಲವು ಕಂದಾಗಿ, ಕೆಲವು ಅರ್ಧ ಹಳದಿಯಾಗಿ ಬರುತ್ತವೆ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ನೋಡಿದರೆ ಮಿನುಗು ಗೊತ್ತಾಗುತ್ತದೆ. ನಿಮ್ಮ ಮೈದಾನದಲ್ಲಿ ಅದು ಕಂಡರೆ, ಬಾಡಿ ಆರಿಸುವಾಗ ಆ್ಯಂಟಿ ಫ್ಲಿಕರ್ ಸೌಲಭ್ಯ ಇರುವುದನ್ನೇ ಆರಿಸಬೇಕು. ದೀಪ ಹೆಚ್ಚು ಬೆಳಗುವ ಕ್ಷಣ ನೋಡಿ ಶಟರ್ ತೆರೆಯುವ ಏರ್ಪಾಡು ಅದು.

4. ಲೆನ್ಸ್ ಆರಿಸಿ

ಮುಕ್ಕಾಲು ಪಾಲು ಓದುಗರಿಗೆ ನಾನು ಹೇಳುವ ಮೊದಲ ಖರೀದಿ 85 ಮಿ.ಮೀ. ಎಫ್/1.8 ಲೆನ್ಸ್. 70-200 ಮಿ.ಮೀ. ಎಫ್/2.8 ಲೆನ್ಸಿನ ಬೆಲೆಯ ಒಂದು ಸಣ್ಣ ಪಾಲಿಗೆ ಅದು ಸಿಗುತ್ತದೆ, ಹಗುರವಾಗಿದೆ, ರಾತ್ರಿಯ ಕಬಡ್ಡಿಗೂ ಒಳಾಂಗಣದ ಬ್ಯಾಡ್ಮಿಂಟನ್‌ಗೂ ಒದಗುತ್ತದೆ, ಮದುವೆಯ ಭಾವಚಿತ್ರಕ್ಕೂ ಬರುತ್ತದೆ. ಜೊತೆಗೆ 50 ಮಿ.ಮೀ. ಎಫ್/1.8 ಇಟ್ಟುಕೊಂಡರೆ ಹೊನಲು ಬೆಳಕಿನ ಪಂದ್ಯಾವಳಿಗಳ ಬಹುಪಾಲು ಕೆಲಸವನ್ನು ಈ ಎರಡರಲ್ಲೇ ಮುಗಿಸಬಹುದು. ಜೂಮ್ ಇಲ್ಲವೆಂಬ ಕೊರತೆಯನ್ನು ಕುಳಿತುಕೊಳ್ಳುವ ಜಾಗವನ್ನು ಯೋಚಿಸಿ ಆರಿಸುವುದರಿಂದ ತುಂಬಿಕೊಳ್ಳಬೇಕು.

70-200 ಮಿ.ಮೀ. ಎಫ್/2.8 ಈ ವೃತ್ತಿಯ ಬೆನ್ನೆಲುಬು. ಶಾಲಾ ಅಥ್ಲೆಟಿಕ್ಸ್, ಕೊಕ್ಕೊ, ಫುಟ್‌ಬಾಲ್, ಕೆಸರುಗದ್ದೆ, ಬಹುಮಾನ ವಿತರಣೆ ಎಲ್ಲಕ್ಕೂ ಅದು ಸಲ್ಲುತ್ತದೆ. ಹಣ ಸಾಲದಿದ್ದರೆ ಹೊಸ ಎಫ್/4ಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಎಫ್/2.8 ಲೆನ್ಸ್ ಕೊಳ್ಳುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮಳೆಗಾಲದ ಸಂಜೆಯಲ್ಲಿ ಎಫ್/4ಕ್ಕೆ ಇಮ್ಮಡಿ ಐಎಸ್‌ಒ ಬೇಕಾಗುತ್ತದೆ. ಟ್ಯಾಮ್ರಾನ್, ಸಿಗ್ಮಾ ಕಂಪನಿಗಳ ಲೆನ್ಸ್‌ಗಳನ್ನೂ ನೋಡಬಹುದು, ಆದರೆ ನಿಮ್ಮ ಕ್ಯಾಮೆರಾಗೇ ಹಾಕಿ ಓಡುವ ಮನುಷ್ಯನ ಮೇಲೆ ಫೋಕಸ್ ಪರೀಕ್ಷಿಸದೆ ಹಣ ಕೊಡಬೇಡಿ.

ಹಗಲಿನ ಕ್ರಿಕೆಟ್ ಮತ್ತು ಎತ್ತಿನಗಾಡಿ ಓಟಕ್ಕೆ 100-400 ಅಥವಾ 150-600 ಮಿ.ಮೀ. ಲೆನ್ಸ್‌ಗಳು ಬೇಕು. ಗಾಡಿ ಓಟದಲ್ಲಿ ಉದ್ದ ಲೆನ್ಸ್ ಸುರಕ್ಷತೆಯ ಸಲಕರಣೆಯೂ ಹೌದು. ಎತ್ತುಗಳು ಗೆಲುವಿನ ಗೆರೆಯ ಬಳಿ ನಿಲ್ಲುವುದಿಲ್ಲ, ಬೆದರಿದರೆ ಬದಿಗೂ ನುಗ್ಗುತ್ತವೆ. ಆದ್ದರಿಂದ ಓಟದ ನೇರಕ್ಕೆ ಎಂದೂ ನಿಲ್ಲಬಾರದು, ಬೇಲಿಯ ಆಚೆ, ಓರೆಯಾಗಿ, ದೂರದಿಂದ ತೆಗೆಯಬೇಕು. ರ‍್ಯಾಲಿಯಲ್ಲಿ ತಿರುವಿನ ಹೊರಬದಿಗೂ ಇದೇ ನಿಯಮ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಗಳ ನೆರಳು ದಟ್ಟವಾಗಿರುವುದರಿಂದ ಎಫ್/6.3ರ ಉದ್ದ ಲೆನ್ಸಿಗೆ ಅಲ್ಲಿ ಹಗಲಿನಲ್ಲೂ ಬೆಳಕು ಸಾಲುವುದಿಲ್ಲ. ತೆರೆದ ಜಾಗದ ತಿರುವನ್ನು ಮೊದಲೇ ಗುರುತಿಸಿಕೊಳ್ಳಿ.

ಟೆಲಿಕನ್ವರ್ಟರ್, ಅಂದರೆ ಲೆನ್ಸಿಗೂ ಬಾಡಿಗೂ ನಡುವೆ ಸೇರಿಸಿ ದೂರವನ್ನು ಇನ್ನಷ್ಟು ಹತ್ತಿರ ತರುವ ತುಂಡು, ಅಗ್ಗದ ದಾರಿಯಂತೆ ಕಾಣುತ್ತದೆ. 1.4 ಪಟ್ಟಿನದು ಅರ್ಧ ಬೆಳಕನ್ನು ನುಂಗುತ್ತದೆ, 2 ಪಟ್ಟಿನದು ಮುಕ್ಕಾಲು ಬೆಳಕನ್ನು ನುಂಗುತ್ತದೆ. ಆರಂಭದಲ್ಲಿ ಬೇಡ.

5. ಬಾಡಿ ಆರಿಸಿ

ನಿಮ್ಮ ಬಳಿ ಮದುವೆ ಕೆಲಸಕ್ಕೆಂದು ಕೊಂಡ ಒಳ್ಳೆಯ ಕ್ಯಾಮೆರಾ ಈಗಾಗಲೇ ಇದ್ದರೆ ಈ ಹಂತವನ್ನು ಸದ್ಯಕ್ಕೆ ಬಿಟ್ಟುಬಿಡಿ, ಲೆನ್ಸ್ ಮಾತ್ರ ಕೊಳ್ಳಿ. ಹೊಸದಾಗಿ ಕೊಳ್ಳುವವರು ನಾಲ್ಕು ಅಂಶ ನೋಡಬೇಕು. ಮೊದಲನೆಯದು ನಿರಂತರ ಫೋಕಸ್, ಅಂದರೆ ಚಲಿಸುವವನನ್ನು ಬಿಡದೆ ಹಿಂಬಾಲಿಸುವ ಶಕ್ತಿ. ನಿಕಾನ್, ಸೋನಿಗಳಲ್ಲಿ ಇದನ್ನು ಎಎಫ್-ಸಿ ಎಂದೂ ಕ್ಯಾನನ್‌ನಲ್ಲಿ ಸರ್ವೊ ಎಂದೂ ಕರೆಯುತ್ತಾರೆ. ಎರಡನೆಯದು ಸೆಕೆಂಡಿಗೆ 8ರಿಂದ 10 ಚಿತ್ರ ತೆಗೆಯುವ ವೇಗ. ಮೂರನೆಯದು ಬಫರ್, ಅಂದರೆ ಕಾರ್ಡಿಗೆ ಬರೆಯುವ ಮುನ್ನ ಚಿತ್ರಗಳು ತಾತ್ಕಾಲಿಕವಾಗಿ ನಿಲ್ಲುವ ಒಳಸ್ಮೃತಿ; ಅದು ತುಂಬಿದರೆ ರೈಡರ್ ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ನಿಂತುಬಿಡುತ್ತದೆ. ನಾಲ್ಕನೆಯದು, ಮೇಲೆ ಹೇಳಿದ ಆ್ಯಂಟಿ ಫ್ಲಿಕರ್.

ಈ ನಾಲ್ಕೂ ಕಡಿಮೆ ಹಣದಲ್ಲಿ ಸಿಗುವುದು ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಲ್ಲಿ. 2014ರ ಕ್ಯಾನನ್ 7ಡಿ ಮಾರ್ಕ್ 2 ಮತ್ತು 2016ರ ನಿಕಾನ್ ಡಿ500 ಎರಡೂ ಕ್ರಾಪ್ ಸೆನ್ಸರಿನವು, ಸೆಕೆಂಡಿಗೆ 10 ಚಿತ್ರ ತೆಗೆಯುತ್ತವೆ, ಎರಡು ಕಾರ್ಡ್ ಹಿಡಿಯುತ್ತವೆ, ತುಂತುರನ್ನು ತಾಳಿಕೊಳ್ಳುವಂತೆ ಕಟ್ಟಲ್ಪಟ್ಟಿವೆ. ಎರಡರಲ್ಲಿ ರಾತ್ರಿ ಕೆಲಸಕ್ಕೆ ಡಿ500 ಉತ್ತಮ. ಹೊಸದೇ ಬೇಕೆನ್ನುವವರಿಗೆ ಕ್ಯಾನನ್ ಆರ್7 ಮಾದರಿಯ ಕ್ರಾಪ್ ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾಗಳು ಪರದೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರಿನಲ್ಲೇ ಸೆಕೆಂಡಿಗೆ 15 ಚಿತ್ರ ಕೊಡುತ್ತವೆ, ಕಣ್ಣನ್ನು ತಾವೇ ಗುರುತಿಸಿ ಫೋಕಸ್ ಮಾಡುತ್ತವೆ.

ಮಿರರ್‌ಲೆಸ್ ಜಾಹೀರಾತಿನಲ್ಲಿ ಕಾಣುವ ಸೆಕೆಂಡಿಗೆ 20, 30 ಚಿತ್ರಗಳ ಸಂಖ್ಯೆಗೆ ಮರುಳಾಗಬೇಡಿ. ಅದು ಎಲೆಕ್ಟ್ರಾನಿಕ್ ಶಟರಿನ, ಅಂದರೆ ಪರದೆ ಚಲಿಸದೆ ಸೆನ್ಸರೇ ಚಿತ್ರ ಹಿಡಿಯುವ ಏರ್ಪಾಡಿನ, ವೇಗ. ಸಾಮಾನ್ಯ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಬೀಸುವ ಬ್ಯಾಟು ಬಾಗಿದಂತೆ, ಓಡುವ ಗಾಡಿಯ ಚಕ್ರ ಓರೆಯಾದಂತೆ ಬರುತ್ತದೆ. ರೋಲಿಂಗ್ ಶಟರ್ ದೋಷವೆಂದು ಇದರ ಹೆಸರು. ಮಿನುಗುವ ದೀಪದಡಿ ಚಿತ್ರದ ಮೇಲೆ ಪಟ್ಟೆಗಳೂ ಮೂಡುತ್ತವೆ. ಈ ದೋಷದಿಂದ ಪಾರಾದ ಕ್ಯಾಮೆರಾಗಳಿವೆ, ಆದರೆ ಅವುಗಳ ಬೆಲೆ ಹೊಸಬರ ಕೈಗೆಟುಕುವಂಥದ್ದಲ್ಲ.

ಹಳೆಯ ಲೆನ್ಸನ್ನು ಅಡಾಪ್ಟರ್, ಅಂದರೆ ಜೋಡಿಸುವ ಬಳೆ, ಮೂಲಕ ಹೊಸ ಮಿರರ್‌ಲೆಸ್ ಕ್ಯಾಮೆರಾಗೆ ಹಾಕುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಇಎಫ್ ಲೆನ್ಸ್‌ಗಳು ಆರ್ ಸರಣಿಯ ಮಿರರ್‌ಲೆಸ್ ಬಾಡಿಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮಾತ್ರ, ಒಳಗೇ ಮೋಟಾರ್ ಇರುವ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳಷ್ಟೇ ತಾವಾಗಿ ಫೋಕಸ್ ಮಾಡುತ್ತವೆ. ಎಎಫ್-ಡಿ ಎಂದು ಬರೆದಿರುವ ಹಳೆಯ ಲೆನ್ಸ್‌ಗಳನ್ನು ಕೈಯಲ್ಲಿ ತಿರುಗಿಸಬೇಕಾಗುತ್ತದೆ, ಕ್ರೀಡೆಗೆ ಅವು ಒದಗುವುದಿಲ್ಲ.

6. ಕಾರ್ಡ್, ಬ್ಯಾಟರಿ, ಮೊನೊಪಾಡ್

ಕಾರ್ಡಿನ ಮೇಲೆ ವಿ30, ವಿ60, ವಿ90 ಎಂದು ಬರೆದಿರುತ್ತದೆ. ಎಡೆಬಿಡದೆ ಬರೆಯುವಾಗಲೂ ಅದು ಸೆಕೆಂಡಿಗೆ ಕನಿಷ್ಠ 30, 60, 90 ಮೆಗಾಬೈಟ್ ವೇಗ ಕೊಡುತ್ತದೆ ಎಂದು ಅದರ ಅರ್ಥ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಕಡತ, ಅಂದರೆ ಸಂಸ್ಕರಿಸದ ಮೂಲ ಚಿತ್ರ, ಸುಮಾರು 25ರಿಂದ 30 ಮೆಗಾಬೈಟ್ ಇರುತ್ತದೆ. ಸೆಕೆಂಡಿಗೆ ಹತ್ತು ತೆಗೆದರೆ ಕಾರ್ಡಿನ ಪಾಡೇನೆಂದು ನೀವೇ ಲೆಕ್ಕ ಹಾಕಿ. ಶಾಲಾ ಕ್ರೀಡಾಕೂಟಗಳಿಗೆ ಜೆಪೆಗ್, ಅಂದರೆ ಕ್ಯಾಮೆರಾವೇ ಕುಗ್ಗಿಸಿಕೊಡುವ ಚಿಕ್ಕ ಕಡತದ, ರೂಪದಲ್ಲೇ ತೆಗೆಯುವುದು ತಪ್ಪಲ್ಲ, ಬಫರ್ ತುಂಬುವ ತೊಂದರೆ ಬಹಳ ಕಡಿಮೆಯಾಗುತ್ತದೆ. ಒಂದೇ ದೊಡ್ಡ ಕಾರ್ಡಿಗಿಂತ 64 ಜಿಬಿಯ ಎರಡು ಮೂರು ಕಾರ್ಡ್ ಇರಲಿ. ನಕಲಿ ಕಾರ್ಡುಗಳು ಹೇರಳವಾಗಿರುವುದರಿಂದ ಬಿಲ್ ಸಮೇತ ಕೊಂಡು, ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಪರೀಕ್ಷಿಸಿದ ಮೇಲೆಯೇ ಕೆಲಸಕ್ಕೆ ಬಳಸಿ.

ಡಿಎಸ್‌ಎಲ್‌ಆರ್‌ಗೆ ಎರಡು ಬ್ಯಾಟರಿ, ಮಿರರ್‌ಲೆಸ್‌ಗೆ ಮೂರು ಇರಲಿ. 70-200ಕ್ಕಿಂತ ಭಾರದ ಲೆನ್ಸ್ ಇದ್ದರೆ ಮೊನೊಪಾಡ್, ಅಂದರೆ ಒಂಟಿಕಾಲಿನ ಆಸರೆ, ಕೊಳ್ಳಿ. ಟ್ರೈಪಾಡ್ ಬೇಡ, ಅಂಕಣದ ಅಂಚಿನಲ್ಲಿ ಅದು ಆಟಗಾರರ ಕಾಲಿಗೆ ಅಪಾಯ.

7. ಮಳೆ, ಧೂಳು, ಫಂಗಸ್

ನಮ್ಮ ಭಾಗದವರು ಬೇರೆ ಊರಿನವರಿಗಿಂತ ಹೆಚ್ಚು ಗಮನ ಕೊಡಬೇಕಾದ ಹಂತ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮನೆಯೊಳಗಿನ ಗಾಳಿಯೇ ಒದ್ದೆಯಾಗಿರುತ್ತದೆ. ಬೀರುವಿನಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಲೆನ್ಸಿಗೂ ಹಿಡಿಯುತ್ತದೆ. ಗಾಜಿನ ಒಳಪದರದ ಮೇಲೆ ಜೇಡರ ಬಲೆಯ ಎಳೆಗಳಂತೆ ಆರಂಭವಾಗುವ ಈ ಫಂಗಸ್ ಬೆಳೆದರೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಆಮೇಲೆ ಶುಚಿ ಮಾಡಿಸಿದರೂ ಕಲೆ ಉಳಿಯುತ್ತದೆ.

ತೇವಾಂಶವನ್ನು ಶೇ 40ರಿಂದ 50ರ ನಡುವೆ ಕಾಯ್ದುಕೊಳ್ಳುವ ಡ್ರೈ ಕ್ಯಾಬಿನೆಟ್ ಎಂಬ ವಿದ್ಯುತ್ ಪೆಟ್ಟಿಗೆ ಇದಕ್ಕೆ ಸರಿಯಾದ ಪರಿಹಾರ. ಅಷ್ಟು ಹಣವಿಲ್ಲದಿದ್ದರೆ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಹರಳು ಮತ್ತು ತೇವಾಂಶ ತೋರಿಸುವ ಚಿಕ್ಕ ಮಾಪಕ, ಇಷ್ಟು ಸಾಕು. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆಯೆಂದು ಅರ್ಥ. ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು, ಆದರೆ ಅಡುಗೆಯ ಪಾತ್ರೆಯಲ್ಲಿ ಬಿಸಿ ಮಾಡಬೇಡಿ. ಮಳೆಯಿಂದ ಬಂದ ಕ್ಯಾಮೆರಾವನ್ನು ಹಾಗೆಯೇ ಚೀಲದಲ್ಲಿಟ್ಟು ಜಿಪ್ ಎಳೆಯಬಾರದು. ಹೊರಗೆ ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಫ್ಯಾನಿನಡಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಡಬ್ಬಿಗೆ ಹಾಕಿ.

ಕೆಸರುಗದ್ದೆಯಲ್ಲಿ ಕೆಳಗೆ ಕುಳಿತು ತೆಗೆದ ಚಿತ್ರವೇ ಚೆಂದ, ಕೆಸರು ಎರಚುವುದೂ ಅಲ್ಲಿಗೇ. ಮಳೆಕವಚ ಹಾಕಿ, ಲೆನ್ಸಿನ ಮುಂದೆ ರಕ್ಷಕ ಫಿಲ್ಟರ್ ಇರಲಿ. ಗಾಜಿನ ಮೇಲೆ ಕೆಸರು ಬಿದ್ದರೆ ಅಂಗಿಯ ತುದಿಯಲ್ಲಿ ಉಜ್ಜಬೇಡಿ, ಅದರಲ್ಲಿರುವ ಮರಳಿನ ಕಣ ಗೀರುತ್ತದೆ. ಒಣಗಿದ ಮೇಲೆ ಗಾಳಿ ಊದುವ ಬ್ಲೋವರಿನಿಂದ ಊದಿ, ಆಮೇಲೆ ಲೆನ್ಸ್ ಶುಚಿಗೊಳಿಸುವ ದ್ರವ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಇದೇ ಫಿಲ್ಟರನ್ನು ಹೊನಲು ಬೆಳಕಿನಲ್ಲಿ ತೆಗೆದಿಡಬೇಕು, ಇಲ್ಲದಿದ್ದರೆ ದೀಪಗಳ ಪ್ರತಿಬಿಂಬ ಹಸಿರು ಚುಕ್ಕಿಗಳಾಗಿ ಚಿತ್ರದಲ್ಲಿ ಬರುತ್ತದೆ. ಕಡೂರು, ಅರಸೀಕೆರೆ ಕಡೆಯ ಧೂಳಿನಲ್ಲಿ ಲೆನ್ಸ್ ಬದಲಿಸಲೇಬೇಡಿ. ಬೆಳಿಗ್ಗೆ ಹಾಕಿದ ಲೆನ್ಸ್ ಸಂಜೆಯವರೆಗೂ ಇರಲಿ.

8. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಫೋಟೊ ನೋಡಿ ಮುಂಗಡ ಹಣ ಕಳುಹಿಸಬೇಡಿ, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಕಿಂಡಿ ಪೂರ್ತಿ ತೆರೆದು, ಒಂದು ಬದಿಯಿಂದ ಟಾರ್ಚ್ ಬೆಳಕು ಓರೆಯಾಗಿ ಬಿಡುತ್ತಾ ಇನ್ನೊಂದು ಬದಿಯಿಂದ ನೋಡಿದರೆ ಎಳೆಎಳೆಯಾದ ಫಂಗಸ್, ಮಂಜಿನಂಥ ಪೊರೆ ಎರಡೂ ಗೊತ್ತಾಗುತ್ತವೆ. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಫಂಗಸ್ ಇದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಬಾಡಿಯಲ್ಲಿ ಎಫ್/16 ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಸೆನ್ಸರಿನ ಕಲೆ ನೋಡಿ. ಶಟರ್ ಎಷ್ಟು ಸಲ ಓಡಿದೆಯೆಂದು ಕೇಳಿ, ತಂತ್ರಾಂಶದಲ್ಲಿ ಖಚಿತಪಡಿಸಿಕೊಳ್ಳಿ. ಮೇಲೆ ಹೇಳಿದ ಎರಡೂ ಡಿಎಸ್‌ಎಲ್‌ಆರ್‌ಗಳ ಶಟರನ್ನು 2,00,000 ಸಲದವರೆಗೆ ಪರೀಕ್ಷಿಸಲಾಗಿದೆಯೆಂದು ಕಂಪನಿಗಳು ಹೇಳುತ್ತವೆ, ಅದರ ಅರ್ಧ ದಾಟಿದ್ದರೆ ಬೆಲೆ ಇಳಿಸಿ ಕೇಳಿ. ಕೊನೆಗೆ ಯಾರನ್ನಾದರೂ ನಿಮ್ಮತ್ತ ಓಡಿಬರುವಂತೆ ಹೇಳಿ 30 ಚಿತ್ರ ತೆಗೆದು, ಕಣ್ಣಿನ ಮೇಲೆ ಫೋಕಸ್ ಎಷ್ಟರಲ್ಲಿ ನಿಂತಿದೆಯೆಂದು ಹಿಗ್ಗಿಸಿ ನೋಡಿ. ಮೂಲ ಬಿಲ್ ಮತ್ತು ಅದರಲ್ಲಿನ ಸೀರಿಯಲ್ ನಂಬರ್ ವಸ್ತುವಿನ ಮೇಲಿರುವುದರೊಂದಿಗೆ ತಾಳೆಯಾಗಬೇಕು.

ಗ್ರೇ ಮಾರ್ಕೆಟ್ ಎಂದು ಕರೆಯುವ, ಬಿಲ್ಲಿಲ್ಲದೆ ಹೊರದೇಶದಿಂದ ಬಂದ ಹೊಸ ವಸ್ತುಗಳು ಅಗ್ಗವೆನಿಸುತ್ತವೆ. ಅವಕ್ಕೆ ಇಲ್ಲಿ ವಾರಂಟಿ ಇರುವುದಿಲ್ಲ, ವಿಮೆ ಮಾಡಿಸುವಾಗಲೂ ತೊಡಕು. ದುರಸ್ತಿಗೆ ಬೆಂಗಳೂರಿಗೆ ಕಳುಹಿಸಬೇಕಾದ ನಮ್ಮಂಥವರಿಗೆ ಅದು ಉಳಿತಾಯವಲ್ಲ.

9. ಹಣದ ಹಂಚಿಕೆ

ಒಟ್ಟು ಹಣದಲ್ಲಿ ಅರ್ಧ ಲೆನ್ಸಿಗೆ, ಮೂರನೇ ಒಂದು ಭಾಗದಷ್ಟು ಕ್ಯಾಮೆರಾಗೆ, ಉಳಿದದ್ದು ಕಾರ್ಡ್, ಬ್ಯಾಟರಿ, ಒಣಪೆಟ್ಟಿಗೆ ಮತ್ತು ವಿಮೆಗೆ ಎಂಬುದು ನಾನು ಸೂಚಿಸುವ ಹಂಚಿಕೆ. ಸಾಲ ಬೇಕಾದವರು ಬ್ಯಾಂಕಿನಲ್ಲಿ ಸಣ್ಣ ಉದ್ಯಮಗಳ ಸಾಲಕ್ಕಿರುವ ಮುದ್ರಾ ಯೋಜನೆಯನ್ನು ವಿಚಾರಿಸಬಹುದು; ಅದರಲ್ಲಿ ಶಿಶು ವಿಭಾಗ 50,000 ರೂಪಾಯಿವರೆಗೆ, ಕಿಶೋರ್ ವಿಭಾಗ 5 ಲಕ್ಷದವರೆಗೆ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ, ಅದಕ್ಕಾಗಿ ಯಾರಿಗೂ ಶುಲ್ಕ ಕೊಡಬೇಡಿ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೂ ಪ್ರತಿ ಖರೀದಿಯ ಬಿಲ್ ಜೋಪಾನವಾಗಿಡಿ. ವಿಮೆ ಮಾಡಿಸುವಾಗ ಕಳವು ಮಾತ್ರವಲ್ಲ, ಬಿದ್ದು ಒಡೆಯುವುದು, ನೀರು ಹೋಗುವುದು, ವೃತ್ತಿಗಾಗಿ ಹೊರಗೆ ಒಯ್ದಾಗ ಆಗುವ ಹಾನಿ ಇವೆಲ್ಲ ಸೇರಿವೆಯೇ ಎಂದು ಕೇಳಿ, ಲಿಖಿತವಾಗಿ ಪಡೆಯಿರಿ.

ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕಾಗುವ 150-600ರಂಥ ಲೆನ್ಸನ್ನು ಬೆಂಗಳೂರಿನಿಂದ ಬಾಡಿಗೆಗೆ ತನ್ನಿ. ಡ್ರೋನ್ ವಿಷಯವನ್ನೂ ಬಹಳ ಮಂದಿ ಕೇಳುತ್ತಾರೆ. 2021ರ ಡ್ರೋನ್ ನಿಯಮಗಳ ನೋಂದಣಿ, ಪರವಾನಗಿಗಳನ್ನು ತಿಳಿದುಕೊಳ್ಳದೆ ಅದಕ್ಕೆ ಕೈಹಾಕಬೇಡಿ. ಮೊದಲ ವರ್ಷದ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ.

10. ಲ್ಯಾಪ್‌ಟಾಪ್

16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಸಾಧಾರಣ ಲ್ಯಾಪ್‌ಟಾಪ್, ಯುಎಸ್‌ಬಿ 3 ಕಾರ್ಡ್ ರೀಡರ್, ಹೊರಗಿನಿಂದ ಜೋಡಿಸುವ ಎರಡು ಹಾರ್ಡ್ ಡಿಸ್ಕುಗಳು ಸಾಕು. ಪಂದ್ಯದ ರಾತ್ರಿಯೇ ಎರಡೂ ಡಿಸ್ಕಿಗೆ ನಕಲು ಮಾಡಿ, ಅಲ್ಲಿಯವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ. ಗಿರಾಕಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿ; ಫೋಟೊ ಆಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ಫ್ಲೆಕ್ಸಿಗೆ ಆಗುವುದಿಲ್ಲ.

11. ಹಣ ಪಡೆಯುವ ಮುನ್ನ ಒಮ್ಮೆ ಪರೀಕ್ಷಿಸಿ

ಕೊಂಡದ್ದೆಲ್ಲವನ್ನೂ ಹಿಡಿದು, ಪರಿಚಯವಿರುವ ಶಾಲೆಯ ಅನುಮತಿ ಪಡೆದು ಒಂದು ಹಗಲಿನ ಕ್ರೀಡಾಕೂಟಕ್ಕೂ ಆಯೋಜಕರನ್ನು ಕೇಳಿ ಒಂದು ರಾತ್ರಿಯ ಪಂದ್ಯಕ್ಕೂ ಹೋಗಿ ಉಚಿತವಾಗಿ ಕೆಲಸ ಮಾಡಿ. ಮನೆಗೆ ಬಂದು ಕೆಟ್ಟ ಚಿತ್ರಗಳನ್ನು ಅಳಿಸುವ ಮುನ್ನ ಅವು ಏಕೆ ಕೆಟ್ಟವೆಂದು ಗುರುತು ಹಾಕಿ. ಆಟಗಾರನ ಕೈಕಾಲು ಮಸುಕಾಗಿ ಹಿನ್ನೆಲೆ ನಿಚ್ಚಳವಾಗಿದ್ದರೆ ಶಟರ್ ವೇಗ ಸಾಲಲಿಲ್ಲ, ಅಂದರೆ ಇನ್ನೂ ಹೆಚ್ಚು ಬೆಳಕು ಹಿಡಿಯುವ ಲೆನ್ಸ್ ಬೇಕು. ಆಟಗಾರ ಪೂರ್ತಿ ಮಸುಕಾಗಿ ಹಿಂದಿನ ಪ್ರೇಕ್ಷಕರು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಮೊದಲು ಕ್ಯಾಮೆರಾದ ಹೊಂದಾಣಿಕೆಗಳನ್ನು ಕಲಿಯಿರಿ, ಆಮೇಲೂ ಸರಿಹೋಗದಿದ್ದರೆ ಬಾಡಿಯ ಬಗ್ಗೆ ಯೋಚಿಸಿ. ಚಿತ್ರ ಸರಿಯಿದ್ದು ಆಟಗಾರ ಚಿಕ್ಕದಾಗಿ ಕಂಡರೆ ನಿಂತ ಜಾಗ ತಪ್ಪು ಅಥವಾ ಲೆನ್ಸ್ ಗಿಡ್ಡ. ಈ ಗುರುತುಗಳಲ್ಲಿ ಯಾವುದು ಹೆಚ್ಚು ಸಲ ಬಂದಿದೆಯೋ ಅದನ್ನು ಸರಿಪಡಿಸುವ ಸಲಕರಣೆಯೇ ನಿಮ್ಮ ಮುಂದಿನ ಖರೀದಿ; ಅದನ್ನೂ ಮೊದಲ ಕೆಲಸಗಳಿಂದ ಬಂದ ಹಣದಲ್ಲಿ ಮಾಡಿ.